ತೊಳೆದ ಕಾರನ್ನು ಒರೆಸುವ ಕೆಲಸದ ಚರಿತ್ರೆ



ಚರಿತ್ರೆ ಎಂದೊಡನೆ ನಿಮಗೆ ನೆನಪಾಗುವುದು ಅರಸರು, ಯುದ್ಧಗಳು, ಕೋಟೆಗಳು. ಯಾದಗಿರಿ ಎಂದರೆ ಬೆಟ್ಟದ ಮೇಲಿನ ಕೋಟೆ. ಶಹಾಪುರ ಎಂದರೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಗಳ ಸಾಲು. ಸುರಪುರ ಎಂದರೆ ನಾಯಕ ಅರಸರು ಮತ್ತು 1857-58ರ ಹೋರಾಟದ ರಾಜಾ ವೆಂಕಟಪ್ಪ ನಾಯಕ. ಇವುಗಳನ್ನು ನೀವು ಓದಿ ತಿಳಿದಿದ್ದೀರಿ. ಆದರೆ ಜನರು ದಿನನಿತ್ಯ ಮಾಡುವ ಸಣ್ಣಪುಟ್ಟ ಕೆಲಸಗಳಿಗೂ ಚರಿತ್ರೆ ಇದೆ. ನೀರು ಸೇದುವುದು, ದೀಪ ಹಚ್ಚುವುದು, ಪಾತ್ರೆ ಬೆಳಗುವುದು ಇವೆಲ್ಲ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಅಂಥ ಒಂದು ಕೆಲಸವನ್ನು ಇಲ್ಲಿ ನೋಡೋಣ. ಅದು ತೊಳೆದ ಕಾರನ್ನು ಬಣ್ಣಕ್ಕೆ ಗೀರು ಬೀಳದಂತೆ ಒರೆಸುವ ಕೆಲಸ.

'ಇದರಲ್ಲಿ ಕಲಿಯುವುದೇನಿದೆ? ಬಟ್ಟೆ ತೆಗೆದುಕೊಂಡು ಒರೆಸಿದರೆ ಆಯಿತು' ಎಂದು ನೀವು ಕೇಳಬಹುದು. ಒಂದು ಸಂಜೆ ಯಾದಗಿರಿಯ ರೈಲ್ವೆ ನಿಲ್ದಾಣದ ಎದುರು ನಿಂತ ಬಾಡಿಗೆ ಕಾರುಗಳನ್ನು ಗಮನಿಸಿ. ಕಪ್ಪು ಬಣ್ಣದ ಕಾರಿನ ಮೇಲೆ ವಿದ್ಯುತ್ ದೀಪದ ಬೆಳಕು ಬಿದ್ದಿರುವ ಕಡೆ, ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೆರೆಗಳು ಕಾಣುತ್ತವೆ. ಇವು ಅಪಘಾತದಿಂದ ಆದವಲ್ಲ, ಮುಳ್ಳಿನ ಜಾಲಿ ತಗುಲಿ ಆದವೂ ಅಲ್ಲ. ಹೆಚ್ಚಿನವು ಕಾರನ್ನು ಸ್ವಚ್ಛ ಮಾಡುವಾಗಲೇ ಆದವು. ಶುಚಿಗೊಳಿಸುವ ಕೈಯೇ ಹೀಗೆ ಕೆಡಿಸುವುದು ಹೇಗೆ? ಉತ್ತರಕ್ಕಾಗಿ ಮೊದಲು ಈ ಸೀಮೆಯ ನೆಲ ಮತ್ತು ನೀರಿನ ಕಡೆ ಕಣ್ಣು ಹಾಯಿಸಬೇಕು.

ನೆಲ ಮತ್ತು ನೀರು

ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡಗಳು ಬಹುಮಟ್ಟಿಗೆ ಗ್ರಾನೈಟ್ ಜಾತಿಯ ಬಂಡೆಗಳು. ಭೂಮಿಯ ಅತಿ ಹಳೆಯ ಶಿಲೆಗಳಲ್ಲಿ ಇವೂ ಸೇರಿವೆ. ಬಿಸಿಲು, ಮಳೆ, ಗಾಳಿಗಳಿಗೆ ಸಿಕ್ಕಿ ಈ ಬಂಡೆ ಸವೆದಾಗ ಅದರೊಳಗಿನ ಬೆಣಚು, ಅಂದರೆ ಕ್ವಾರ್ಟ್ಜ್ ಎಂಬ ಖನಿಜ, ಸಣ್ಣ ಹರಳುಗಳಾಗಿ ಉದುರುತ್ತದೆ. ಮರಳು ಎಂದು ನಾವು ಕರೆಯುವುದು ಹೆಚ್ಚಾಗಿ ಇದನ್ನೇ. ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬ ವಿಜ್ಞಾನಿ 1812ರಲ್ಲಿ ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಪಟ್ಟಿಯನ್ನು ರೂಪಿಸಿದನು. ಆ ಪಟ್ಟಿಯಂತೆ ನಮ್ಮ ಉಗುರು ಸುಮಾರು 2.5, ತಾಮ್ರ ಸುಮಾರು 3, ಕಿಟಕಿಯ ಗಾಜು ಸುಮಾರು 5.5, ಬೆಣಚು 7. ಗಾಜನ್ನೇ ಗೀರಬಲ್ಲ ಹರಳಿನ ಎದುರು ಕಾರಿನ ಬಣ್ಣ ಬಹಳ ಮೆದು. ರಸ್ತೆಯ ಧೂಳಿನಲ್ಲಿ ಕರಿಮಣ್ಣಿನ ನಯವಾದ ಕಣಗಳ ಜೊತೆಗೆ ಈ ಹರಳುಗಳೂ ಸೇರಿರುತ್ತವೆ. ಕಣ್ಣಿಗೆ ಮಾತ್ರ ಎಲ್ಲವೂ ಒಂದೇ ಧೂಳು.

ಇನ್ನು ನೀರಿನ ಮಾತು. ಭೀಮಾ ನದಿಯ ಆಸುಪಾಸಿನಲ್ಲಿ ಸುಣ್ಣಕಲ್ಲಿನ ಪದರಗಳಿವೆ. ನಿಮ್ಮ ಮನೆಯ ನೆಲಕ್ಕೆ ಹಾಸಿದ ಫರಸಿ ಕಲ್ಲು ಇದೇ ವರ್ಗದ್ದು. ಇಂಥ ಕಲ್ಲಿನ ನಡುವೆ ಇಂಗಿ ಬಂದ ಬಾವಿಯ ಮತ್ತು ಬೋರಿನ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಸಾಬೂನು ಹಚ್ಚಿದರೆ ನೊರೆ ಬಾರದ ಈ ನೀರನ್ನು ನಿಮ್ಮ ವಿಜ್ಞಾನ ಪುಸ್ತಕ ಗಡಸು ನೀರು ಎನ್ನುತ್ತದೆ. ಅದರ ಹನಿಯೊಂದು ಕಾರಿನ ಮೇಲೆ ಆರಿದರೆ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬೇಸಿಗೆಯಲ್ಲಿ ಈ ಭಾಗದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿಗೆ ಕಾದ ಲೋಹದ ಮೇಲೆ ಹನಿ ಬಹಳ ಬೇಗ ಆರಿ ಬಿಳಿಯ ಉಂಗುರದಂಥ ಕಲೆ ಬಿಡುತ್ತದೆ.

ಈಗ ತೊಡಕು ಏನೆಂಬುದು ನಿಮಗೆ ಹೊಳೆದಿರಬೇಕು. ಒರೆಸದೆ ಬಿಟ್ಟರೆ ಕಲೆ, ಒರೆಸಹೋದರೆ ಗೀರು. ಈ ಎರಡರ ನಡುವೆ ದಾರಿ ಹುಡುಕಿದ್ದೇ ಈ ಕೆಲಸದ ಚರಿತ್ರೆ.

ಮೋಟಾರು ಬರುವ ಮೊದಲು

ಹೊಳೆಯುವ ಮೇಲ್ಮೈಯನ್ನು ಜೋಪಾನ ಮಾಡುವ ಕಲೆ ನಮ್ಮವರಿಗೆ ಮೋಟಾರಿನಿಂದ ಬಂದದ್ದಲ್ಲ. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯ ಹೆಸರನ್ನು ನೀವು ಕೇಳಿರಬಹುದು. ಗರುಡಾದ್ರಿ ಮನೆತನದ ಕಲಾವಿದರಿಂದ ಹೆಸರಾದ ಈ ಶೈಲಿಯಲ್ಲಿ ಸೂಕ್ಷ್ಮವಾದ ಗೆರೆಗಳೂ ಚಿನ್ನದ ಬಳಕೆಯೂ ಎದ್ದು ಕಾಣುತ್ತವೆ. ಭಾರತದ ಕಿರುಚಿತ್ರ ಪರಂಪರೆಯಲ್ಲಿ ಕಾಗದ, ಬಣ್ಣ ಮತ್ತು ಚಿನ್ನಕ್ಕೆ ಹೊಳಪು ಬರಿಸಲು ನಯವಾದ ಅಗೇಟ್ ಕಲ್ಲಿನಿಂದ ಉಜ್ಜುವ ಪದ್ಧತಿ ಇದೆ. ಅಗೇಟ್ ಕೂಡ ಬೆಣಚಿನ ಕುಲಕ್ಕೇ ಸೇರಿದ ಗಟ್ಟಿ ಕಲ್ಲು. ಆದರೂ ಅದು ಚಿತ್ರವನ್ನು ಗೀರುವುದಿಲ್ಲ, ಹೊಳಪು ಕೊಡುತ್ತದೆ. ಏಕೆಂದರೆ ಅದರ ಮೈ ನಯ, ಮತ್ತು ಕಲ್ಲಿಗೂ ಚಿತ್ರಕ್ಕೂ ನಡುವೆ ಒಂದು ಕಣ ಧೂಳೂ ಇರದಂತೆ ಕಲಾವಿದ ನೋಡಿಕೊಳ್ಳುತ್ತಾನೆ. ಗೀರು ಮೂಡಿಸುವುದು ಗಟ್ಟಿತನವೊಂದೇ ಅಲ್ಲ, ನಡುವೆ ಸಿಕ್ಕಿಕೊಂಡ ಚೂಪು ಕಣ ಎಂಬುದನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಈ ಮಾತಿನ ವಿಸ್ತಾರವೇ.

ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಆಡಳಿತ ನೋಡಿಕೊಂಡ ಆಂಗ್ಲ ಅಧಿಕಾರಿ. ಅವನ ಕಾಲದ ವಾಹನಗಳೆಂದರೆ ಕುದುರೆ, ಪಲ್ಲಕ್ಕಿ ಮತ್ತು ಎತ್ತಿನ ಬಂಡಿ. ಬಂಡಿಯ ಮರಕ್ಕೆ ಕನ್ನಡಿಯಂಥ ಹೊಳಪು ಬೇಕಿರಲಿಲ್ಲ. ಅದೇ ಶತಮಾನದಲ್ಲಿ ಯುರೋಪಿನ ಶ್ರೀಮಂತರ ಸಾರೋಟುಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು. ಆ ಹೊಳಪಿನ ಮೂಲ ವಾರ್ನಿಶ್. ಅದಕ್ಕೆ ಮುಖ್ಯವಾಗಿ ಬಳಸುತ್ತಿದ್ದುದು ಅಗಸೆ ಎಣ್ಣೆ ಮತ್ತು ಮರದ ರಾಳ. ಹೌದು, ನಿಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಅಗಸಿಯೇ. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿ ಪದರವಾಗುತ್ತದೆ. ಇಂಥ ಪದರಗಳನ್ನು ಒಂದರ ಮೇಲೊಂದು ಬಳಿದು, ನಡುನಡುವೆ ಉಜ್ಜಿ ನಯಗೊಳಿಸಿ ಒಂದು ಸಾರೋಟಿಗೆ ಬಣ್ಣ ಮುಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು.

ಇಷ್ಟು ಶ್ರಮದ ಹೊಳಪನ್ನು ಕಾಯುವ ಹೊಣೆ ಸಾರೋಟು ಹೊಡೆಯುವವನದು. ಕೆಸರು ಒಣಗುವ ಮೊದಲೇ ಧಾರಾಳ ನೀರು ಸುರಿದು ತೊಳೆಯಬೇಕು, ಒಣಗಿದ ಕೆಸರನ್ನು ಎಂದೂ ಉಜ್ಜಬಾರದು, ಬಿಸಿಲಿನಲ್ಲಿ ತೊಳೆಯಬಾರದು, ಕೊನೆಗೆ ಒದ್ದೆ ಮಾಡಿ ಹಿಂಡಿದ ಮೆದು ಚರ್ಮದಿಂದ ನೀರು ತೆಗೆಯಬೇಕು ಎಂಬವು ಅವನ ನಿಯಮಗಳು. ಆ ಚರ್ಮ ಮೊದಲು ಷಾಮಿ ಎಂಬ ಬೆಟ್ಟದ ಮೇಕೆಯ ಜಾತಿಯ ಪ್ರಾಣಿಯದು. ಮುಂದೆ ಕುರಿಯ ಚರ್ಮವನ್ನು ಮೀನೆಣ್ಣೆಯಿಂದ ಹದ ಮಾಡಿ ಅದೇ ಹೆಸರಿನಲ್ಲಿ ಮಾರತೊಡಗಿದರು. ರಸಾಯನಶಾಸ್ತ್ರ ತಿಳಿಯದ ಕುದುರೆ ಲಾಯದ ಆಳುಗಳು ಅನುಭವದಿಂದ ಕಂಡುಕೊಂಡ ಈ ನಿಯಮಗಳು ಇಂದಿಗೂ ಸರಿಯಾಗಿಯೇ ಇವೆ.

ನಿಜಾಮರ ಕಾಲದ ಮೋಟಾರು

1858ರ ನಂತರ ಸುರಪುರ ಬ್ರಿಟಿಷರ ವಶವಾಗಿ, 1860ರಲ್ಲಿ ನಿಜಾಮರಿಗೆ ಸೇರಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಈ ಮೂರೂ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆದ್ದರಿಂದ ಇಲ್ಲಿಯ ಮೋಟಾರಿನ ಕಥೆಯನ್ನು ಹೈದರಾಬಾದಿನಿಂದ ಆರಂಭಿಸುವುದು ಸೂಕ್ತ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಇಂಗ್ಲೆಂಡಿನಿಂದ ಒಂದು ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ತರಿಸಲು ಆಜ್ಞೆ ಮಾಡಿದನು. ಹಳದಿ ಬಣ್ಣದ ಆ ಕಾರಿನ ಹಿಂಭಾಗದಲ್ಲಿ ಸಿಂಹಾಸನದಂಥ ಆಸನ ಇತ್ತು. ಕಾರು ಕೈಸೇರುವ ಮೊದಲೇ, 1911ರಲ್ಲಿ, ಅವನು ತೀರಿಕೊಂಡನು. ಅದು ಅವನ ಮಗ ಮೀರ್ ಉಸ್ಮಾನ್ ಅಲಿ ಖಾನ್‌ಗೆ ಸಂದಿತು. ಕಾರಿನ ಮೈ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಸಂಸ್ಥೆ. ಅದು ಮೂಲತಃ ಸಾರೋಟು ಕಟ್ಟುವ ಹಳೆಯ ಸಂಸ್ಥೆ. ಇಲ್ಲಿ ಒಂದು ಸ್ವಾರಸ್ಯಕರ ಸಂಗತಿ ಗಮನಿಸಿ. ಮೋಟಾರು ಹೊಸದು, ಆದರೆ ಅದರ ಮೈ ಕಟ್ಟಿದವರು ಸಾರೋಟಿನವರು, ಬಣ್ಣ ಬಳಿಯುವ ರೀತಿ ಸಾರೋಟಿನದು. ಹೀಗಾಗಿ ಒರೆಸುವ ಕ್ರಮವೂ ಸಾರೋಟಿನದೇ ಆಗಿ ಮುಂದುವರಿಯಿತು.

ಅರಮನೆಗಳಲ್ಲಿ ನೀರಿಗೂ ಆಳುಗಳಿಗೂ ಕೊರತೆ ಇರಲಿಲ್ಲ. ಜನಸಾಮಾನ್ಯರ ಮೋಟಾರಿನ ಕಥೆ ಬೇರೆ. 1932ರಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಕೆಲಸ ಆರಂಭಿಸಿತು. ಬಸ್ಸು, ಲಾರಿ, ಬಾಡಿಗೆ ಮೋಟಾರುಗಳು ಹೆಚ್ಚಿದಂತೆ ನಮ್ಮ ಸಮಾಜದಲ್ಲಿ 'ಕ್ಲೀನರ್' ಎಂಬ ಹೊಸ ಕೆಲಸಗಾರ ಹುಟ್ಟಿಕೊಂಡನು. ಹೆಸರೇ ಹೇಳುವಂತೆ ಅವನ ಮೊದಲ ಕೆಲಸ ಶುಚಿಗೊಳಿಸುವುದು. ಆದರೆ ಅರಮನೆಯ ಚಾಲಕನಿಗೆ ದೊರೆತ ಷಾಮಿ ಚರ್ಮ, ಧಾರಾಳ ನೀರು ಮತ್ತು ಹೇಳಿಕೊಡುವ ಗುರು, ಈ ಮೂರೂ ಅವನಿಗೆ ಸಿಗಲಿಲ್ಲ. ಅವನ ಕೈಗೆ ಬಂದದ್ದು ಒಂದು ಬಕೆಟ್ಟು ಮತ್ತು ಒಂದು ಹಳೆಯ ಬನಿಯನ್ನು.

ಹತ್ತಿಯಿಂದ ಬಂದ ಬಣ್ಣ

ಇಷ್ಟರಲ್ಲಿ ಕಾರಿನ ಬಣ್ಣವೇ ಬದಲಾಯಿತು. ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ 'ಟಿ' ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ತಯಾರಿಸಿತು. ಕಾರುಗಳ ಸಂಖ್ಯೆ ಹೆಚ್ಚಿದಂತೆ ವಾರಗಟ್ಟಲೆ ಆರುವ ವಾರ್ನಿಶ್ ಕಾರ್ಖಾನೆಗೆ ದೊಡ್ಡ ಅಡ್ಡಿಯಾಯಿತು. 1923ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಓಕ್‌ಲ್ಯಾಂಡ್ ಕಾರು ಡ್ಯೂಪಾಂಟ್ ಕಂಪನಿಯ 'ಡ್ಯೂಕೋ' ಎಂಬ ಹೊಸ ಬಣ್ಣ ಬಳಿದುಕೊಂಡು ಹೊರಬಂತು. ಸಿಂಪಡಿಸಿದ ಸ್ವಲ್ಪ ಹೊತ್ತಿನಲ್ಲೇ ಅದು ಆರುತ್ತಿತ್ತು. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ಸಿಂಪಡಿಸುವ ಬಣ್ಣಕ್ಕೆ 'ಡ್ಯೂಕೋ' ಎನ್ನುವ ವಾಡಿಕೆ ಇದೆ.

ಆ ಬಣ್ಣದ ಮೂಲದ್ರವ್ಯ ನೈಟ್ರೊಸೆಲ್ಯುಲೋಸ್. ಹತ್ತಿಯ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಿಂದ ಸಂಸ್ಕರಿಸಿ ಇದನ್ನು ಪಡೆಯುತ್ತಾರೆ. ಅಂದರೆ ಶಹಾಪುರ, ಯಾದಗಿರಿಗಳ ಕರಿನೆಲದಲ್ಲಿ ಬೆಳೆಯುವಂಥ ಹತ್ತಿಯೇ ಒಂದು ಕಡೆ ಕಾರಿನ ಬಣ್ಣವಾಯಿತು, ಇನ್ನೊಂದು ಕಡೆ ಅದನ್ನು ಒರೆಸುವ ಬಟ್ಟೆಯಾಯಿತು. ಹತ್ತಿ ಹತ್ತಿಯನ್ನು ಗೀರೀತೇ? ಶುದ್ಧವಾದ ಹತ್ತಿಯ ನೂಲು ಮೆದುವಾದದ್ದು. ಅದರಿಂದಾಗುವ ಹಾನಿ ಅತ್ಯಲ್ಪ. ಹಾನಿ ಮಾಡುವುದು ನೂಲಿಗೆ ಅಂಟಿದ ಬೆಣಚಿನ ಕಣ, ಬಟ್ಟೆಯ ಗಟ್ಟಿ ಹೊಲಿಗೆ, ಹಳೆಯ ಅಂಗಿಯಲ್ಲಿ ಉಳಿದುಕೊಂಡ ಗುಂಡಿ.

ಇಂಥ ಬಣ್ಣವನ್ನು 'ಲ್ಯಾಕರ್' ಎಂದು ಕರೆಯುತ್ತಾರೆ. ಈ ಪದದ ಮೂಲ ನಮ್ಮ ದೇಶದ 'ಲಾಕ್ಷಾ', ಅಂದರೆ ಅರಗು. ಮಹಾಭಾರತದ ಅರಗಿನ ಮನೆ ನಿಮಗೆ ಗೊತ್ತಿರುವುದೇ. ಚನ್ನಪಟ್ಟಣದ ಬೊಂಬೆಗಳಿಗೆ ಬಳಿಯುವುದೂ ಅರಗಿನ ಬಣ್ಣವನ್ನೇ. ಅರಗಿಗೂ ಬಣ್ಣದ ಉದ್ಯಮಕ್ಕೂ ಇರುವ ಸಂಬಂಧಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಚುನಾವಣೆಯಲ್ಲಿ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ಬರುತ್ತಿರುವುದು ಅಲ್ಲಿಂದಲೇ.

ಅಂಬಾಸಡರ್ ಮತ್ತು ಮಾರುತಿ

ಸ್ವಾತಂತ್ರ್ಯಾನಂತರ ನಮ್ಮ ರಸ್ತೆಗಳಲ್ಲಿ ಬಹುಕಾಲ ಕಾಣುತ್ತಿದ್ದುದು ಅಂಬಾಸಡರ್ ಮತ್ತು ಫಿಯೆಟ್ ಕಾರುಗಳು. ಸರಕಾರಿ ಕಚೇರಿಗಳ ಮುಂದೆ ಬಿಳಿಯ ಅಂಬಾಸಡರ್ ನಿಂತಿರುವುದು ಊರಿನ ಸಾಮಾನ್ಯ ದೃಶ್ಯವಾಗಿತ್ತು. ಅದರ ತಯಾರಿಕೆ 2014ರಲ್ಲಿ ನಿಂತಿತು. ಆ ಕಾಲದ ಸಾದಾ ಬಣ್ಣದಲ್ಲಿ ಮೇಲಿನಿಂದ ಕೆಳಗಿನವರೆಗೂ ಬಣ್ಣವೇ. ಬಿಸಿಲಿಗೆ ಅದರ ಮೇಲ್ಭಾಗ ಮಂಕಾದರೆ ಪಾಲಿಶ್ ಹಾಕಿ ಉಜ್ಜುತ್ತಿದ್ದರು. ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು, ಕೆಳಗಿನ ಹೊಸ ಪದರ ಹೊಳೆಯುತ್ತಿತ್ತು. ಬಿಳಿಯ ಬಣ್ಣದಲ್ಲಿ ಸಣ್ಣ ಗೀರು ಎದ್ದು ಕಾಣುವುದೂ ಇಲ್ಲ. ಹೀಗಾಗಿ ಹೇಗೆ ಒರೆಸಿದರೂ ನಡೆಯುತ್ತದೆ ಎಂಬ ರೂಢಿ ಬೆಳೆಯಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1991ರ ನಂತರ ಹಲವು ವಿದೇಶಿ ಕಂಪನಿಗಳ ಕಾರುಗಳೂ ಬಂದವು. ಮಿನುಗುವ ಬಣ್ಣಗಳ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬಳಿಯುವ ಕ್ರಮ ಕ್ರಮೇಣ ಎಲ್ಲೆಡೆ ಹರಡಿತು. ನಾವು ಕಾಣುವ ಹೊಳಪು ಈ ಪದರದ್ದು. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಪದರ ಎಷ್ಟು ತೆಳು ಎಂಬುದನ್ನು ಊಹಿಸಿಕೊಳ್ಳಿ. ಇದರಲ್ಲಿ ಗೀರು ಬಿದ್ದರೆ ಅಳಿಸಲು ಇರುವ ದಾರಿ ಒಂದೇ: ಸುತ್ತಲಿನ ಪದರವನ್ನೂ ಗೀರಿನ ಆಳಕ್ಕೆ ಸವೆಸುವುದು. ಪ್ರತಿ ಸಾರಿ ಪಾಲಿಶ್ ಮಾಡಿದಾಗಲೂ ಪದರ ತೆಳುವಾಗುತ್ತ ಹೋಗುತ್ತದೆ. ಅಂದರೆ ಇದು ಒಮ್ಮೆ ಖರ್ಚಾದರೆ ತಿರುಗಿ ಬಾರದ ಸಂಪತ್ತು.

ದೀಪದ ಸುತ್ತ ಕಂಡ ಜೇಡರ ಬಲೆಯ ಗುಟ್ಟೂ ಇಲ್ಲಿಯೇ ಇದೆ. ಗೀರುಗಳು ನಿಜವಾಗಿ ವೃತ್ತಾಕಾರದಲ್ಲಿಲ್ಲ. ಎಲ್ಲ ದಿಕ್ಕಿಗೂ ಇವೆ. ಆದರೆ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವ ಕೋನದಲ್ಲಿರುವ ಗೀರುಗಳು ಮಾತ್ರ ನಮಗೆ ಕಾಣುತ್ತವೆ. ಅವೆಲ್ಲ ಸೇರಿ ದೀಪದ ಸುತ್ತ ಬಳೆಗಳಂತೆ ತೋರುತ್ತವೆ. ನೀವು ಪಕ್ಕಕ್ಕೆ ಸರಿದರೆ ಬಳೆಗಳೂ ಸರಿಯುವುದನ್ನು ನೋಡಬಹುದು.

ತಪ್ಪು ಯಾರದು?

ಬಣ್ಣ ಬದಲಾಯಿತು. ಒರೆಸುವ ಬಟ್ಟೆಯೂ ಬದಲಾಯಿತು. 1970ರ ದಶಕದಲ್ಲಿ ಜಪಾನಿನಲ್ಲಿ ಕೂದಲಿಗಿಂತ ಅನೇಕ ಪಟ್ಟು ಸಣ್ಣದಾದ ಕೃತಕ ಎಳೆಗಳ ತಯಾರಿಕೆ ಬೆಳೆಯಿತು. ಅದರಿಂದ ಮುಂದೆ ಬಂದದ್ದೇ ಮೈಕ್ರೋಫೈಬರ್ ಬಟ್ಟೆ. ಎಳೆಗಳ ನಡುವಿನ ಅಸಂಖ್ಯ ಸಂದುಗಳಲ್ಲಿ ನೀರು ತಾನಾಗಿ ಏರಿ ನಿಲ್ಲುತ್ತದೆ. ಉದ್ದ ಜುಂಗಿನ ಬಟ್ಟೆಯಾದರೆ ಅಕಸ್ಮಾತ್ ಉಳಿದ ಕಣ ಜುಂಗಿನೊಳಗೆ ಸರಿದು ಬಣ್ಣದಿಂದ ದೂರವಾಗುತ್ತದೆ. ಚಪ್ಪಟೆಯಾದ ಷಾಮಿ ಚರ್ಮದಲ್ಲಿ ಈ ಅನುಕೂಲ ಇಲ್ಲ. ಕಣ ಸಿಕ್ಕರೆ ಅದು ನೇರವಾಗಿ ಬಣ್ಣವನ್ನು ಉಜ್ಜುತ್ತದೆ.

ಆದರೆ ಬದಲಾಗದೆ ಉಳಿದದ್ದು ಒಂದಿದೆ: ಕೆಲಸ ಮಾಡುವವನಿಗೆ ತಿಳಿವಳಿಕೆ ಕೊಡದಿರುವುದು. ಹೊಸ ಕಾರಿನ ಜೊತೆ ಬರುವ ಕೈಪಿಡಿ ಮಾಲೀಕನ ಬಳಿ ಇರುತ್ತದೆ, ಅದೂ ಬಹುತೇಕ ಇಂಗ್ಲಿಷಿನಲ್ಲಿ. ಒರೆಸುವವನ ಕೈಗೆ ಬರುವುದು ಹಳೆಯ ಬಟ್ಟೆ, ಅರ್ಧ ಬಕೆಟ್ಟು ನೀರು. ಬೇಸಿಗೆಯಲ್ಲಿ ಅದೂ ಇಲ್ಲದೆ, ಕೋಳಿಗರಿಯ ಪೊರಕೆ ಅಥವಾ ಒಣ ಬಟ್ಟೆಯಿಂದ ಧೂಳು ಹೊಡೆ ಎಂಬ ಅಪ್ಪಣೆ. ಒಣ ಧೂಳನ್ನು ಒಣ ಬಟ್ಟೆಯಿಂದ ಉಜ್ಜುವುದಕ್ಕೂ ಮರಳು ಕಾಗದದಿಂದ ಉಜ್ಜುವುದಕ್ಕೂ ಹೆಚ್ಚು ಅಂತರವಿಲ್ಲ. ಕೆಲವು ತಿಂಗಳಲ್ಲಿ ಗೀರು ಕಾಣುತ್ತದೆ. ಮಾತು ಕೇಳುವವನು ಕ್ಲೀನರ್ ಹುಡುಗ, ಕೆಲವೊಮ್ಮೆ ಕೂಲಿ ಕಳೆದುಕೊಳ್ಳುವವನೂ ಅವನೇ. ನಮ್ಮ ಭಾಗದಿಂದ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಅನೇಕ. ಅಂಥ ಊರುಗಳಲ್ಲಿ ಬೆಳಗಿನ ಜಾವ ಸಾಲು ಕಾರುಗಳನ್ನು ಒರೆಸುವುದೂ ಒಂದು ಹೊಟ್ಟೆಪಾಡಿನ ಕೆಲಸ. ಒಂದೇ ಬಕೆಟ್ಟಿನಲ್ಲಿ ಹತ್ತು ಕಾರು ಒರೆಸಬೇಕಾದವನ ಬಟ್ಟೆಯಲ್ಲಿ ಹತ್ತನೆಯ ಕಾರಿನ ಹೊತ್ತಿಗೆ ಒಂಬತ್ತು ಕಾರುಗಳ ಮಣ್ಣು ಸೇರಿರುತ್ತದೆ. ಗೀರಿದ್ದು ಅವನ ಕೈಯಲ್ಲ, ಆ ಮಣ್ಣು. ಆ ಮಣ್ಣು ಬಟ್ಟೆಯಲ್ಲಿ ಉಳಿಯುವಂತೆ ಮಾಡಿದ್ದು ಸಾಕಷ್ಟು ನೀರನ್ನೂ ಬಟ್ಟೆಯನ್ನೂ ಕೊಡದ ನಮ್ಮ ಪದ್ಧತಿ. ಈ ಭೇದವನ್ನು ತಿಳಿದುಕೊಂಡರೆ ಎಷ್ಟೋ ವೃಥಾ ಆರೋಪಗಳು ತಪ್ಪುತ್ತವೆ.

ಸರಿಯಾದ ಕ್ರಮ

ಚರಿತ್ರೆ ಕಲಿಸಿದ್ದನ್ನೆಲ್ಲ ಒಟ್ಟುಗೂಡಿಸಿದರೆ ಹೊಮ್ಮುವ ಕ್ರಮ ಸರಳವಾಗಿದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ ಬೆಳಿಗ್ಗೆ ಅಥವಾ ಸಂಜೆ ತೊಳೆಯಬೇಕು. ಮುಟ್ಟುವ ಮೊದಲು ನೀರು ಸುರಿದು ಧೂಳು ನೆನೆದು ಇಳಿದುಹೋಗಲು ಬಿಡಬೇಕು. ತೊಳೆಯುವ ಬಟ್ಟೆಯನ್ನು ಜಾಲಿಸಲು ಒಂದು ಬಕೆಟ್ಟು, ಸಾಬೂನು ನೀರಿಗೆ ಇನ್ನೊಂದು ಬಕೆಟ್ಟು ಇಟ್ಟುಕೊಂಡರೆ ಮಣ್ಣು ತಿರುಗಿ ಕಾರಿಗೆ ಬರುವುದಿಲ್ಲ.

ಮುಖ್ಯವಾದದ್ದು ಕೊನೆಯ ನೀರು. ಪೈಪಿನ ತುದಿಯ ಮೂತಿಯನ್ನು ತೆಗೆದು, ನೀರು ಸಣ್ಣಗೆ ಹರಿಯುವಂತೆ ಮಾಡಿ, ಚಾವಣಿಯಿಂದ ಕೆಳಕ್ಕೆ ನಿಧಾನವಾಗಿ ಬಿಡಿ. ಪೈಪು ಇಲ್ಲದವರು ಕೊಡದಿಂದ ಮೆಲ್ಲನೆ, ಒಂದೇ ಧಾರೆಯಾಗಿ ಸುರಿಯಬಹುದು. ಎರಚಿದ ನೀರು ಹನಿಹನಿಯಾಗಿ ನಿಲ್ಲುತ್ತದೆ. ಹಾಳೆಯಂತೆ ಹರಿದ ನೀರು ಎದುರಾದ ಹನಿಗಳನ್ನು ತನ್ನ ಜೊತೆ ಎಳೆದುಕೊಂಡು ಇಳಿಯುತ್ತದೆ. ನೀರಿನ ಕಣಗಳು ಒಂದನ್ನೊಂದು ಆಕರ್ಷಿಸುವ ಗುಣವೇ ಇದಕ್ಕೆ ಕಾರಣ. ಹೀಗೆ ಮಾಡಿದರೆ ಒರೆಸುವ ಕೆಲಸದ ಬಹುಪಾಲನ್ನು ನೀರೇ ಮಾಡಿ ಮುಗಿಸುತ್ತದೆ. ಬಣ್ಣವನ್ನು ಕಡಿಮೆ ಮುಟ್ಟಿದಷ್ಟೂ ಗೀರು ಕಡಿಮೆ.

ಉಳಿದ ನೀರಿಗೆ ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆಯನ್ನು, ಇಲ್ಲವಾದರೆ ಒಗೆದು ಮೆದುವಾದ, ಹೊಲಿಗೆ ಮತ್ತು ಗುಂಡಿ ಇಲ್ಲದ ಹತ್ತಿ ಬಟ್ಟೆಯನ್ನು ಬಳಸಿ. ಬಟ್ಟೆಯನ್ನು ಹಾಸಿ, ಮೆಲ್ಲನೆ ಒತ್ತಿ ಎತ್ತಬೇಕು, ಅಥವಾ ಭಾರ ಹಾಕದೆ ನೇರವಾಗಿ ಎಳೆಯಬೇಕು. ಸುತ್ತು ತಿರುಗಿಸಿ ಉಜ್ಜಬಾರದು. ಚಾವಣಿ, ಗಾಜು, ಬಾನೆಟ್ಟು ಮೊದಲು; ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರದ ಬಳಿ ಬಳಸಿದ ಬಟ್ಟೆ ಮತ್ತೆ ಮೇಲಕ್ಕೆ ಬರಕೂಡದು. ಕೆಳಗೆ ಬಿದ್ದ ಬಟ್ಟೆಯನ್ನು ಕೊಡವಿ ಬಳಸುವುದು ದೊಡ್ಡ ತಪ್ಪು. ಅದನ್ನು ಒಗೆದೇ ಬಳಸಬೇಕು. ಗಾಜಿನ ನೀರು ತೆಗೆಯುವ ರಬ್ಬರ್ ಪಟ್ಟಿಯನ್ನು ಬಣ್ಣದ ಮೇಲೆ ಎಳೆಯದಿರುವುದು ಒಳ್ಳೆಯದು. ಅದರ ಅಂಚಿಗೆ ಒಂದು ಹರಳು ಸಿಕ್ಕರೂ ಉದ್ದಕ್ಕೂ ಗೆರೆ ಮೂಡುತ್ತದೆ.

ನೀರಿನ ಆಯ್ಕೆಯೂ ಮುಖ್ಯ. ಸಾಮಾನ್ಯವಾಗಿ ನದಿಯ ನೀರಿನಲ್ಲಿ ಬೋರಿನ ನೀರಿಗಿಂತ ಲವಣ ಕಡಿಮೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕಾಲುವೆಗಳಿಂದ ಕೃಷ್ಣೆಯ ನೀರು ಈ ಸೀಮೆಯ ಹೊಲಗಳಿಗೆ ಬಂದಿದೆ. ಆದರೆ ಮಳೆಗಾಲದ ಹೊಳೆ ನೀರಿನಲ್ಲಿ ಹೂಳು ಇರುತ್ತದೆ. ಹಿಂದಿನವರು ಕುಡಿಯುವ ನೀರಿಗೆ ಮಾಡುತ್ತಿದ್ದಂತೆ ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಬಳಸಬೇಕು. ವಾಹನವನ್ನೇ ಹೊಳೆಗೋ ಕೆರೆಗೋ ಇಳಿಸಿ ತೊಳೆಯುವುದು ಮಾತ್ರ ಬೇಡ. ಅದರ ಎಣ್ಣೆ, ಗ್ರೀಸು ದನಕರು ಕುಡಿಯುವ ನೀರಿಗೆ ಸೇರುತ್ತದೆ. ನೀರು ಅಭಾವವಿರುವ ದಿನಗಳಲ್ಲಿ ಕಾರು ಧೂಳಾಗಿಯೇ ಇರಲಿ. ಗಾಜುಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಧೂಳು ಸುಮ್ಮನೆ ಕುಳಿತರೆ ಗೀರುವುದಿಲ್ಲ, ಉಜ್ಜಿದರೆ ಗೀರುತ್ತದೆ.

ನಮ್ಮಲ್ಲಿ ವರ್ಷದಲ್ಲಿ ಅತಿ ಹೆಚ್ಚು ವಾಹನಗಳು ತೊಳೆಸಿಕೊಳ್ಳುವ ದಿನ ಖಂಡೆಪೂಜೆ. ಹಿಂದೆ ಕತ್ತಿ ಗುರಾಣಿಗಳಿಗೆ ಸಲ್ಲುತ್ತಿದ್ದ ಪೂಜೆ ಈಗ ಟ್ರ್ಯಾಕ್ಟರು, ಜೀಪು, ಕಾರುಗಳಿಗೂ ಸಲ್ಲುತ್ತದೆ. ಅಂದು ಬಾನೆಟ್ಟಿನ ಮೇಲೆ ಎಳೆದ ವಿಭೂತಿಯನ್ನು ಮರುದಿನ ಒಣ ಬಟ್ಟೆಯಿಂದ ತಿಕ್ಕದೆ, ನೀರು ಸುರಿದು ಇಳಿಸಿ. ಪೂಜೆ ಆಯುಧಕ್ಕೆ ಮಾತ್ರವಲ್ಲ, ಅದನ್ನು ಹಿಡಿದು ದುಡಿಯುವ ಕೈಗೂ ಸಲ್ಲಬೇಕಾದದ್ದು. ವರ್ಷವಿಡೀ ಆ ವಾಹನವನ್ನು ತೊಳೆದು ಒರೆಸಿದವನಿಗೆ ಅಂದು ಒಂದು ಹೊಸ ಬಟ್ಟೆಯ ಜೊತೆಗೆ, ವಾಹನ ಒರೆಸಲು ಎರಡು ಒಳ್ಳೆಯ ಬಟ್ಟೆಗಳನ್ನೂ ಕೊಟ್ಟರೆ ಎಷ್ಟು ಚೆನ್ನ!

ಮಾಡಿ ನೋಡಿ

1. ಕೆಲಸಕ್ಕೆ ಬಾರದ ಎರಡು ಹಳೆಯ ಸಿ.ಡಿ.ಗಳನ್ನು ತೆಗೆದುಕೊಳ್ಳಿ. ಎರಡರ ಹೊಳೆಯುವ ಬದಿಗೂ ರಸ್ತೆಯ ಧೂಳು ಉದುರಿಸಿ. ಒಂದನ್ನು ಒಣ ಬಟ್ಟೆಯಿಂದ ಒರೆಸಿ. ಇನ್ನೊಂದರ ಮೇಲೆ ಮೊದಲು ನೀರು ಸುರಿದು, ಧೂಳು ಪೂರ್ತಿ ಹೋದ ಮೇಲೆ ಸ್ವಚ್ಛ ಬಟ್ಟೆಯನ್ನು ಒತ್ತಿ ನೀರು ತೆಗೆಯಿರಿ. ಎರಡನ್ನೂ ದೀಪದ ಬೆಳಕಿಗೆ ಹಿಡಿದು ಹೋಲಿಸಿ.

2. ಒಂದು ಗಾಜಿನ ಚೂರಿನ ಮೇಲೆ ಮಳೆ ನೀರು, ನಲ್ಲಿ ನೀರು, ಬೋರಿನ ನೀರು ಇವುಗಳ ಒಂದೊಂದು ಹನಿ ಹಾಕಿ ಬಿಸಿಲಿನಲ್ಲಿಡಿ. ಯಾವುದು ಹೆಚ್ಚು ಬಿಳಿ ಕಲೆ ಬಿಟ್ಟಿತು? ನಿಮ್ಮ ಊರಿನ ಕಲ್ಲಿಗೂ ಆ ಕಲೆಗೂ ಇರುವ ಸಂಬಂಧವನ್ನು ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.

3. ನಿಮ್ಮ ಊರಿನ ಹಿರಿಯ ಚಾಲಕರನ್ನೋ ಗ್ಯಾರೇಜಿನ ಬಣ್ಣದ ಕೆಲಸಗಾರರನ್ನೋ ಭೇಟಿ ಮಾಡಿ. ಹಿಂದೆ ವಾಹನವನ್ನು ಯಾವ ನೀರಿನಿಂದ ತೊಳೆಯುತ್ತಿದ್ದರು, ಯಾವ ಬಟ್ಟೆಯಿಂದ ಒರೆಸುತ್ತಿದ್ದರು, ಆ ಕೆಲಸವನ್ನು ಅವರಿಗೆ ಕಲಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಅರಸರ ಚರಿತ್ರೆಗೆ ಶಾಸನಗಳಿವೆ. ಈ ಕೆಲಸದ ಚರಿತ್ರೆ ಇರುವುದು ಅವರ ನೆನಪಿನಲ್ಲಿ ಮಾತ್ರ. ಅದನ್ನು ದಾಖಲಿಸುವ ಅ‌ವಕಾಶ ನಿಮ್ಮದು.